ನಡುಹೊಲದಲ್ಲಿ ನಿಲ್ಲುವ ಟ್ರ್ಯಾಕ್ಟರ್

"ಅಕ್ಕಾ, ನನ್ನ ಗಂಡ ಕಳ್ಳ ಅಲ್ಲ!" ಎಂದು ನೆರೆಮನೆಯ ಹೆಂಗಸು ನಮ್ಮ ಬಾಗಿಲಲ್ಲೇ ಅತ್ತುಬಿಟ್ಟಳು.

ನಮ್ಮ ಅತ್ತಿಗೆಗೆ ಕಣ್ಣೀರು ಕಂಡರಾಗದು, ಒಗಟು ಕಂಡರೆ ಪ್ರಾಣ. ಊರಿನ ಪತ್ತೇದಾರಿಕೆಯೆಲ್ಲ ಅವರದು. ಚೀಲ ಹಿಡಿದು ಹಿಂದೆ ಓಡುವ ಕೆಲಸ ಮೈದುನನಾದ ನನ್ನದು.

ಆಕೆಯ ಗಂಡ ಮೆಕ್ಯಾನಿಕ್. ಮಾವನ ಮನೆಯಲ್ಲೇ ವಾಸ. ಮಾವನ ಹಳೇ ಪೆಟ್ರೋಲ್ ಟ್ರ್ಯಾಕ್ಟರಿನ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಹೊಸ ಬಿಡಿಭಾಗ ಹಾಕಿ ಕೂಡಿಸಿದ್ದ. ಅಂದು ಸೊಗಸಾಗಿ ಓಡಿದ ಗಾಡಿ ಮರುದಿನದಿಂದ ನಡುಹೊಲದಲ್ಲಿ ನಿಲ್ಲತೊಡಗಿತ್ತು. ಹೊಸ ಭಾಗ ಮಾರಿಕೊಂಡು ಹಳೆಯದನ್ನೇ ಹಾಕಿದ್ದಾನೆಂದು ಆಕೆಯ ಅಣ್ಣ ಕೂಗಾಡಿದ್ದ. ಮೆಕ್ಯಾನಿಕ್ ಮನೆ ಬಿಡಲು ಗಂಟುಮೂಟೆ ಕಟ್ಟುತ್ತಿದ್ದ.

"ನಿಮ್ಮಪ್ಪ ಏನಂತಾರೆ?" ಅತ್ತಿಗೆ ಕೇಳಿದರು.

"ಅಪ್ಪ ಯಾವತ್ತು ಬಾಯಿ ಬಿಟ್ಟಿದಾರೆ? ಅಳಿಯನಿಗೆ ಒಂದು ಒಳ್ಳೆ ಮಾತು ಆಡಿದವರಲ್ಲ."

ಅವರ ಶೆಡ್ಡಿಗೆ ಹೋದೆವು. ರೇಡಿಯೊಗೆ ಬಟ್ಟೆಯ ಕವಚ, ಸೀಟಿಗೆ ಹೊದಿಕೆ, ಎಣ್ಣೆಡಬ್ಬದ ಮೂತಿಗೂ ಮೇಣ.

"ಎಲ್ಲ ಅಪ್ಪಂದೇ. ಅವರಿಗೆ ಧೂಳು ಅಂದ್ರಾಗಲ್ಲ," ಎಂದಳು ಮಗಳು.

ಆಕೆಯ ಅಣ್ಣ ಟ್ರ್ಯಾಕ್ಟರನ್ನು ಹೊಲಕ್ಕಿಳಿಸಿದ. ಅದು ಅರ್ಧ ದಾರಿಯಲ್ಲಿ ಕೆಮ್ಮಿ ನಿಂತಿತು. ಅವನು ಧುಮುಕಿ ಟ್ಯಾಂಕಿನ ಮುಚ್ಚಳ ತೆರೆದ. 'ಪುಸ್' ಎಂದಿತು. "ನೋಡಿ, ಪೆಟ್ರೋಲ್ ತುಂಬಿದೆ!" ಮುಚ್ಚಿ ಸ್ಟಾರ್ಟ್ ಮಾಡಿದರೆ ಗಾಡಿ ಮತ್ತೆ ಹೊರಟಿತು. "ದಿನಾ ಇದೇ ಗೋಳು!"

ನನಗೆ ತಲೆಬುಡ ತಿಳಿಯಲಿಲ್ಲ. ಅತ್ತಿಗೆ ನಕ್ಕು, ಗಾಡಿಯನ್ನು ಹಿಂದಕ್ಕೆ ತರಿಸಿ, ಮನೆಮಂದಿಯನ್ನೆಲ್ಲ ಶೆಡ್ಡಿಗೆ ಕರೆಸಿದರು.

"ಕಾರ್ಬೊರೇಟರ್ ಕೆಟ್ಟಿದ್ರೆ, ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ಹಾಕಿದ ಮಾತ್ರಕ್ಕೆ ಸರಿಹೋಗತ್ತಾ? ಪೆಟ್ರೋಲ್ ಕೆಳಗಿಳೀಬೇಕು ಅಂದ್ರೆ ಮೇಲಿಂದ ಗಾಳಿ ಬರಬೇಕು. ಅದಕ್ಕೇ ಮುಚ್ಚಳದಲ್ಲೊಂದು ತೂತು ಇರತ್ತೆ. ಆ 'ಪುಸ್' ಅಂದಿದ್ದು ಒಳಗೆ ನುಗ್ಗಿದ ಗಾಳಿ." ಮುಚ್ಚಳವನ್ನು ಬೆಳಕಿಗೆ ಹಿಡಿದರು. ತೂತಿನ ತುಂಬ ಮೇಣ. "ಮೊದಲ ದಿನ ಇದು ಇರಲಿಲ್ಲ, ಗಾಡಿ ಓಡಿತು. ಎಣ್ಣೆಡಬ್ಬದ ಮೇಲಿರೋದೂ ಇದೇ ಮೇಣ."

ಎಲ್ಲರೂ ಮನೆಯ ಯಜಮಾನರತ್ತ, ಆಕೆಯ ಅಪ್ಪನತ್ತ, ತಿರುಗಿದರು. ಅವರ ಮುಖ ಕಪ್ಪಿಟ್ಟಿತು.

"ಅಳಿಯ ಅಷ್ಟು ಚೆನ್ನಾಗಿ ಮಾಡಿದ್ದ... ಅದರೊಳಗೆ ಧೂಳು ಹೋದೀತು ಅಂತ..."

"ಎಲ್ಲಾನೂ ಮುಚ್ಚಿಡ್ತೀರಿ ಯಜಮಾನ್ರೇ," ಎಂದರು ಅತ್ತಿಗೆ ಮೆಲ್ಲಗೆ. "ಮೆಚ್ಚಿದ್ದನ್ನೂ ಮುಚ್ಚಿಟ್ರಿ."

ಆಕೆಯ ಅಣ್ಣ ತಲೆ ತಗ್ಗಿಸಿ, "ತಪ್ಪಾಯ್ತು ಭಾವ," ಎಂದ. ಆಕೆ ಅತ್ತಿಗೆಯ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಇಂಥವರ ಚೀಲ ಹಿಡಿಯುವ ಭಾಗ್ಯಕ್ಕೆ ನಾನೂ ಮನಸ್ಸಿನಲ್ಲೇ ಕೈಮುಗಿದೆ.

ಮೆಕ್ಯಾನಿಕ್ ಸೂಜಿಯಿಂದ ಮೇಣ ಎಬ್ಬಿಸಿದ. ಬಿಸಾಡಲಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡ.

"ಅದ್ಯಾಕಪ್ಪಾ?" ಎಂದರು ಮಾವ.

"ಇರಲಿ ಮಾವ. ನೀವು ಕೊಟ್ಟ ಮೊದಲ ಸರ್ಟಿಫಿಕೇಟು."