ಗಂಗಮ್ಮ ಬರುವ ಪ್ರಕಟಣೆ

'ನುಡಿಹದ' ಯಂತ್ರ ಬಂದ ಮೇಲೆ ಕೆಂಪಹೊಳೆ ಅಣೆಕಟ್ಟೆಯ ಪ್ರಕಟಣೆಗಳನ್ನು ಜನ ಮುಗಿಬಿದ್ದು ಓದತೊಡಗಿದರು. ಅವನ್ನು ಬರೆಯುತ್ತಿದ್ದವರು ಗೇಟುಗಳ ಉಸ್ತುವಾರಿ ಎಂಜಿನಿಯರ್ ಗವಿಸಿದ್ದಪ್ಪ. ಕ್ಯೂಸೆಕ್ಕು, ಒಳಹರಿವು, ಹೊರಹರಿವು ಬಿಟ್ಟರೆ ಅವರ ಬರಹದಲ್ಲಿ ಇನ್ನೇನೂ ಇರುತ್ತಿರಲಿಲ್ಲ. ಮೊದಲು ಅದನ್ನು ಓದಿದವರಿಗೆ ಆಕಳಿಕೆ ಬರುತ್ತಿತ್ತು, ಓದದವರೇ ಹೆಚ್ಚು.

ಯಂತ್ರದ ಕೆಲಸ ಸರಳ. ಬರಹದಲ್ಲಿ ಮಾಹಿತಿ ಎಷ್ಟು ನಿಖರವಾಗಿದೆ, ಹೇಳಿದ ರೀತಿ ಎಷ್ಟು ಸೊಗಸಾಗಿದೆ ಎಂದು ಅದು ಅಳೆಯುತ್ತದೆ. ಕಡಿಮೆ ಬಿದ್ದುದನ್ನು ತುಂಬಿ, ಎರಡನ್ನೂ ಸಮಕ್ಕೆ ತಂದು, ಬರೆದವರ ಹೆಸರಿನಲ್ಲೇ ಹೊಳೆದಂಡೆಯ ಎಲ್ಲ ಫೋನುಗಳಿಗೂ ಕಳುಹಿಸುತ್ತದೆ. ಹೀಗಾಗಿ ಹೊಗಳಿಕೆಯೆಲ್ಲ ಗವಿಸಿದ್ದಪ್ಪನವರಿಗೆ ಬಂತು. ಅದು ಸ್ವಲ್ಪ ತಲೆಗೂ ಏರಿತ್ತೆನ್ನಿ; ದಿನವೂ ತಂಗಿಗೆ ಫೋನು ಮಾಡಿ ಪ್ರಕಟಣೆಯನ್ನು ಅಭಿನಯಿಸಿ ಓದಿ ಹೇಳುತ್ತಿದ್ದರು.

ಒಂದು ದಿನ ಒಳಹರಿವು ಎಲ್ಲ ಲೆಕ್ಕವನ್ನೂ ಮೀರಿತು. ಗೇಟು ತೆರೆಯದಿದ್ದರೆ ಕಟ್ಟೆಯೇ ಉಳಿಯುವಂತಿರಲಿಲ್ಲ. ಅವರು ಬರೆದರು: 'ಸಂಜೆ ಎಲ್ಲ ಗೇಟು ತೆರೆಯಲಾಗುವುದು. ದಂಡೆಗೆ ಯಾರೂ ಬರಬಾರದು.' ಯಂತ್ರ ಕಳುಹಿಸಿತು: 'ಸಂಜೆ ಎಲ್ಲ ಗೇಟುಗಳೂ ತೆರೆದಾಗ ಗಂಗಮ್ಮ ಮೈದುಂಬಿ ಇಳಿದು ಬರುತ್ತಾಳೆ. ಇಂದು ದಂಡೆ ಪೂರ್ತಿ ಅವಳದೇ. ಮನೆಯಲ್ಲೇ ಇದ್ದು ಅವಳಿಗೆ ದಾರಿ ಬಿಡೋಣ.'

"ಮೇಡಮ್, ನಾ ಬರದಿದ್ದು 'ಬರಬಾರದು' ಅಂತ," ಎಂದರು ಗವಿಸಿದ್ದಪ್ಪ.

ಯಂತ್ರ ಕಟ್ಟಿದ ವಿಜ್ಞಾನಿ ಡಾ. ಮೃಣಾಲಿನಿ ಕುಷ್ಟಗಿ ನಕ್ಕರು. "ಅರ್ಥ ಎಲ್ಲಿ ತಪ್ಪೈತಿ ಹೇಳ್ರಿ? ನಿಮ್ಮದನ್ನ ಹಂಗ ಬಿಟ್ಟಿದ್ರ ಯಾರು ಓದ್ತಿದ್ರು? ಇದನ್ನ ಊರಿಗೂರೇ ಓದಾಕತ್ತೈತಿ."

ತಪ್ಪು ಗವಿಸಿದ್ದಪ್ಪನವರಿಗೂ ಸಿಗಲಿಲ್ಲ. ಸಾಲದ್ದಕ್ಕೆ ಆ ಮಾತು ಅವರಿಗೇ ಹಿಡಿಸಿತ್ತು. ಸಂಜೆ ಸೈರನ್ ಕೂಗಿತು, ಗೇಟುಗಳು ಎದ್ದವು.

ಸ್ವಲ್ಪ ಹೊತ್ತಿಗೆ ಕೆಳಗಿನ ಊರಿನಿಂದ ತಂಗಿ ಹುಲಿಗೆವ್ವನ ಫೋನು ಬಂತು.

"ಎಂಥಾ ಚಂದ ಬರದೀಯಪಾ ಅಣ್ಣಾ! ಓದಿ ಕಣ್ಣಾಗ ನೀರು ಬಂತು. ನಮ್ಮ ಓಣಿ ಹೆಣ್ಮಕ್ಕಳು, ಹುಡುಗ್ರು ಎಲ್ಲಾ ಹೊಳಿಗೆ ಬಂದೀವಿ."

"ಮನ್ಯಾಗ ಇರ್ರಿ ಅಂತ ಐತೆಲ್ಲ ಅದ್ರಾಗ!"

"ಗಂಗವ್ವ ಬರ್ತಾಳಂದ್ರ ಮನ್ಯಾಗ ಕುಂದ್ರಾಕ ಆಗತೈತೇನು? ಉಡಿ ತುಂಬಾಕ ಹೊಳಿ ಮೆಟ್ಟಲ ಮ್ಯಾಲೆ ನಿಂತೀವಿ."

ಹೊಸ ನೀರು ಬಂದಾಗ ಹೊಳೆಗೆ ಇಳಿದು ಕುಪ್ಪಸ, ಬಳೆ, ತೆಂಗಿನಕಾಯಿ ಅರ್ಪಿಸುವುದು ಆ ಭಾಗದ ಹೆಂಗಸರ ಪದ್ಧತಿ. ಗಂಗಮ್ಮ ಎಂದರೆ ಅವರ ಮನ ಕರಗುತ್ತದೆ ಎಂಬುದು ಯಂತ್ರಕ್ಕೆ ತಿಳಿದಿತ್ತು. ಕರಗಿದ ಮನಸ್ಸು ಏನು ಮಾಡುತ್ತದೆ ಎಂದು ಯಾರೂ ಅದಕ್ಕೆ ಕಲಿಸಿರಲಿಲ್ಲ. ಬಿಟ್ಟ ನೀರನ್ನು ಹಿಂದಕ್ಕೆ ಕರೆಯುವ ಯಂತ್ರ ಯಾರ ಬಳಿಯೂ ಇರಲಿಲ್ಲ.

"ಓಡವ್ವಾ! ಎಲ್ಲಾರನ್ನೂ ಕರ್ಕೊಂಡು ಓಡು! ನೀರು ಅರ್ಧ ದಾರಿ ದಾಟೈತಿ, ಯಾರನ್ನೂ ಉಳಸಂಗಿಲ್ಲದು!"

ಆ ಕಡೆ ಹುಲಿಗೆವ್ವ ನಕ್ಕಳು.

"ಇದೂ ಭಾಳ ಚಂದ ಬರದೀ! ತಡಿ ಅಣ್ಣಾ, ಸ್ಪೀಕರ್ ಹಾಕ್ತೀನಿ. ದಿನಾ ಓದಿ ಹೇಳ್ತಿಯಲ್ಲ, ಹಂಗ ಇನ್ನೊಮ್ಮೆ ಹೇಳು. ಇವ್ರೆಲ್ಲಾ ನಿನ್ನ ದನಿ ಕೇಳ್ಬೇಕಂತ ಕಾಯಾಕತ್ತಾರ."

ಗವಿಸಿದ್ದಪ್ಪ ಗಂಟಲು ಹರಿಯುವಂತೆ ಕೂಗಿದರು. ಮೃಣಾಲಿನಿ ಫೋನು ಕಸಿದುಕೊಂಡು ತಾವೂ ಕೂಗಿದರು.

ಆ ಕಡೆಯಿಂದ ಚಪ್ಪಾಳೆ ಕೇಳಿಸಿತು.