ಸೋತ ದಿನವನ್ನು ಕೊಟ್ಟುಬಿಟ್ಟ ಪೈಲ್ವಾನ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಏಳುಕೋಟೆ ಅಂತೊಂದು ರಾಜ್ಯ, ಅಲ್ಲಿ ಕೆಂಪರಾಯ ಅಂತೊಬ್ಬ ಪೈಲ್ವಾನ. ಅವನು ತೊಡೆ ತಟ್ಟಿದರೆ ಮೂರು ಊರಿನಾಚೆ ಕಟ್ಟಿದ್ದ ಎಮ್ಮೆ ಹಗ್ಗ ಹರಿದುಕೊಂಡು ಓಡುತ್ತಿತ್ತು. ಸುಳ್ಳಲ್ಲ. ಆ ಎಮ್ಮೆಯ ವಂಶ ಇವತ್ತಿಗೂ ಸದ್ದಾದರೆ ಬೆಚ್ಚುತ್ತದೆ.

ಅಲ್ಲಿನ ಗರಡಿಗೆ ಒಂದು ಕಟ್ಟಳೆ. ಕುಸ್ತಿ ಮುಗಿದ ಮೇಲೆ ಸೋತವನು ಒಂದು ಹಿಡಿ ಕೆಮ್ಮಣ್ಣು ತೆಗೆದು ಗೆದ್ದವನ ಬೆನ್ನಿಗೆ ಹಚ್ಚಬೇಕು. ಅಲ್ಲಿಯವರೆಗೆ ಗೆದ್ದವನು ಮೈಮೇಲೆ ನೀರು ಹಾಕಿಕೊಳ್ಳುವಂತಿಲ್ಲ.

ಒಂದು ಸಲ ರಾಜನ ಮುಂದೆ ಕುಸ್ತಿ. ಎದುರಾಳಿ ಮಾಳಿಂಗ, ಮೊನ್ನೆ ಮೊನ್ನೆ ಮೀಸೆ ಮೂಡಿದವನು. ಕೆಂಪರಾಯ ತನ್ನ ಮೀಸೆ ತಿರುವುತ್ತಿದ್ದ ಹಾಗೇ ಹುಡುಗ ಕಾಲು ಕೊಟ್ಟ. ಕೆಂಪರಾಯನ ಬೆನ್ನು ಮಣ್ಣು ಮುಟ್ಟಿತು. ಜನ ಹೋ ಎಂದರು. ಎದ್ದವನೇ ಕೆಂಪರಾಯ, ಮಣ್ಣು ಹಚ್ಚದೆ, ಗುರು ಮುದ್ದಜ್ಜನ ಮುಖವನ್ನೂ ನೋಡದೆ ಕಾಡಿಗೆ ಓಡಿದ.

ಕಾಡಿನಲ್ಲಿ ಮಬ್ಬರಾಯನೆಂಬ ಮಾಯಾವಿ. ಜನ ಮುಚ್ಚಿಟ್ಟ ಸೋಲುಗಳನ್ನು ತಿಂದು ಬದುಕುವವನು.

"ಆ ದಿನವನ್ನು ನನಗೆ ಕೊಟ್ಟುಬಿಡಪ್ಪ. ನಿನಗೆ ನೆನಪೇ ಇರೋದಿಲ್ಲ."

"ತಗೊಂಡು ಹೋಗು!" ಅಂದ ಕೆಂಪರಾಯ.

ಮಾಯಾವಿ ಆ ದಿನವನ್ನು ಸೋರೆಬುರುಡೆಗೆ ತುಂಬಿ ಬಿರಡೆ ಜಡಿದ.

ಕೆಂಪರಾಯನ ಮೈ ಹಗುರಾಯಿತು. ಆದರೆ ಆ ದಿನದ ಹಿಂದೆಯೇ ಗರಡಿ ಹೋಯಿತು, ಪಟ್ಟುಗಳು ಹೋದವು, ಗುರುವಿನ ಮುಖ ಹೋಯಿತು. ಯಾವುದಕ್ಕೆಂದು ತಿಳಿಯದ ಹಂಬಲವೊಂದೇ ಉಳಿಯಿತು. ಕುಂಬಾರನ ಮಣ್ಣು ಮೂಸಿದ, ಅದಲ್ಲ. ಹೊಲದ ಮಣ್ಣು ಮೂಸಿದ, ಅದಲ್ಲ. ಮೊದಲ ಮಳೆಗೆ ಬೀದಿಯ ಮಣ್ಣು ಘಮ್ಮೆಂದಾಗ ನಿಂತಲ್ಲೇ ಅತ್ತುಬಿಟ್ಟ. ಅದೂ ಅಲ್ಲ.

ನೋಡಿ ನೋಡಿ ಅಕ್ಕ ಪುಟ್ಟತಾಯಿಗೆ ಸಾಕಾಯಿತು. "ನೀನು ಸೋತು ಓಡಿದೆ ಕಣೋ ತಮ್ಮಾ. ನಿನಗೆ ಮರೆತಿರಬಹುದು, ಊರಿಗೆ ಮರೆತಿಲ್ಲ! ಸೋಲು ಮರೆತವರೆಲ್ಲ ಆ ಮಬ್ಬರಾಯನಿಗೆ ಕೊಟ್ಟವರೇ. ಅವನ ಗವಿಗೆ ಹೋಗಿ ಆ ದಿನ ಈಸಿಕೊಂಡು ಬಾ."

ದಾರಿಯಲ್ಲಿ ಮೊದಲು ಹುಲಿ. "ಯಾರು ನೀನು?"

"ಏಳುಕೋಟೆಯ ಸಿಡಿಲು!"

ಹುಲಿ ಗುಡ್ಡದಷ್ಟಾಯಿತು. ಕೆಂಪರಾಯ ಎರಡು ಹೆಜ್ಜೆ ಹಿಂದೆ ಸರಿದ. "ಅದೇನೋ ಸೋತಿದ್ದೆನಂತೆ, ಅಕ್ಕ ಹೇಳಿದಳು." ಹುಲಿ ಬೆಕ್ಕಾಗಿ ಕಾಲು ಸವರಿಕೊಂಡು ಹೋಯಿತು.

ಆಮೇಲೆ ಸೂರ್ಯನನ್ನೇ ಮುಚ್ಚುವ ಹದ್ದು. "ಯಾರು ನೀನು?"

"ಸೋತವನು." ಹದ್ದು ಗುಬ್ಬಿಯಾಯಿತು.

ಗವಿಯ ಬಾಗಿಲಿಗೆ ಹೆಬ್ಬಾವು. "ಯಾರು ನೀನು?"

ಕೆಂಪರಾಯ ಕೈಮುಗಿದ. "ಸೋತು ಓಡಿದವನು, ತಾಯಿ." ಹೆಬ್ಬಾವು ಹಗ್ಗವಾಗಿ ಬಿತ್ತು.

ಒಳಗೆ ಸಾವಿರ ಸೋರೆಬುರುಡೆ. ಕೆಮ್ಮಣ್ಣು ಮೆತ್ತಿದ್ದೊಂದನ್ನು ಕೆಂಪರಾಯ ಎತ್ತಿಕೊಂಡ. "ಬಿರಡೆ ಕೀಳಬೇಡ! ಉರಿಯುತ್ತದೆ!" ಮಬ್ಬರಾಯ ಕಿರುಚಿದ.

"ಉರಿಯಲಿ ಬಿಡು."

ಬಿರಡೆ ಕಿತ್ತ. ಜನರ ಹೋ ಎಂಬ ಕೂಗು ಬಂದು ಎದೆಗೆ ಬಡಿಯಿತು. ಅದರ ಹಿಂದೆಯೇ ಎಣ್ಣೆ, ಅರಿಸಿನ, ಬೆವರು ಬೆರೆತ ಕೆಮ್ಮಣ್ಣಿನ ವಾಸನೆ. "ಇದೇ, ಇದೇ," ಅಂತ ಕೆಂಪರಾಯ ಮಗುವಿನ ಹಾಗೆ ಅತ್ತ. ಉಳಿದ ಬುರುಡೆಗಳೂ ಪಟಪಟ ಒಡೆದವು. ತಿನ್ನಲು ಏನೂ ಉಳಿಯದೆ ಮಬ್ಬರಾಯ ಹೊಗೆಯಾಗಿ ಹೋದ. ರಾಜ್ಯದ ತುಂಬ ಸೋತ ದಿನಗಳು ಮನೆಮನೆಗೆ ಹಾರಿಬಂದವು. ರಾಜನೂ ಜಗುಲಿಗೆ ಬಂದು ತಾನು ಸೋತ ಯುದ್ಧದ ಕತೆ ಹೇಳಿ ನಕ್ಕ.

ಕೆಂಪರಾಯ ಊರಿಗೆ ಮರಳಿದಾಗ ಗರಡಿಯ ಬಾಗಿಲಲ್ಲಿ ಮಾಳಿಂಗ ನಿಂತಿದ್ದ. ಅವನ ವಾಸನೆಗೆ ಕಾಗೆಗಳು ಸುತ್ತು ಹಾಕಿ ಹಾರುತ್ತಿದ್ದವು.

"ಅಣ್ಣೋ! ಎಲ್ಲಿ ಹಾಳಾಗಿ ಹೋಗಿದ್ದೆ? ಇಡೀ ಮಳೆಗಾಲ ಕೊಡೆ ಕೆಳಗೇ ಕಳೆದೆ. ಮದುವೆಯ ಎಣ್ಣೆನೀರು ನಿಂತುಹೋಗಿದೆ. ಹೆಣ್ಣಿನ ಕಡೆಯವರು ಮೂಗು ಮುಚ್ಚಿಕೊಂಡು ಕಾಯ್ತಿದ್ದಾರೆ!"

ಮುದ್ದಜ್ಜ ನಗಲಿಲ್ಲ. "ಹಚ್ಚು ಮಗಾ," ಅಂದ. "ಹಚ್ಚಿ ಮುಗಿಸಿ ಗುದ್ದಲಿ ಹಿಡಿ. ನೀನಿಲ್ಲದೆ ಗರಡಿಯ ಮಣ್ಣು ಗಟ್ಟಿಯಾಗಿದೆ."

ಕೆಂಪರಾಯ ಬಗ್ಗಿ ಒಂದು ಹಿಡಿ ಮಣ್ಣು ತೆಗೆದ. ಮೂಗಿಗೆ ಹಿಡಿದು ಬಹಳ ಹೊತ್ತು ನಿಂತ.

"ಬೇಗ ಅಣ್ಣಾ, ನೀರು ಕಾದಿದೆ!"

ಹಚ್ಚಿದ. ಮದುವೆ ಆಯಿತು, ಊರೆಲ್ಲ ಹೋಳಿಗೆ ಉಂಡಿತು. ಮಾಳಿಂಗನ ಸ್ನಾನದ ನೀರು ಹರಿದೇ ಏಳುಕೋಟೆಯ ಕೆಂಪುಹೊಳೆ ಹುಟ್ಟಿದ್ದು. ಅದರ ದಡದಲ್ಲಿ ಗೆದ್ದವರೂ ಸೋತವರೂ ಸುಖವಾಗಿದ್ದರು.