ಹೋರಿಯ ಕೊರಳಿನ ಹೊಳಪು

"ಬಾಯಾರ, ನನ್ನ ಕ್ಯಾಸೆಟ್ಟೇ ಅವನ್ನ ಜೈಲಿಗೆ ಕಳಸ್ತೈತ್ರಿ!"

ಬ್ಯಾಡಗಿಯಲ್ಲಿ ವಿಡಿಯೋ ಸ್ಟುಡಿಯೋ ಇಟ್ಟಿದ್ದ ಮಲ್ಲೇಶಪ್ಪ ನೀಲಗಂಗವ್ವನ ಹೊಸ್ತಿಲಲ್ಲೇ ಕುಸಿದು ಕುಳಿತ. ಅವರು ಕೈಯಲ್ಲಿದ್ದ ಮೆಣಸಿನಕಾಯಿ ಬದಿಗಿಟ್ಟರು. ಮೂವತ್ತು ವರ್ಷ ದವಾಖಾನೆಯಲ್ಲಿ ಗಾಯ ತೊಳೆದು ನಿವೃತ್ತರಾದ ಈ ನರ್ಸಬಾಯಿ ಊರಿನ ಎಷ್ಟೋ ಕಗ್ಗಂಟುಗಳನ್ನು ಬಿಡಿಸಿದ್ದರು. ಅವರ ಬ್ಯಾಗು ಹೊತ್ತು ತಿರುಗುವ ಕೆಲಸವನ್ನು ಮಲ್ಲೇಶಪ್ಪ ತಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದ.

ಹಿಂದಿನ ದಿನ ಕದರಮಂಡಲಗಿಯಲ್ಲಿ ದೀಪಾವಳಿಯ ಹೋರಿ ಓಟ. ಪರಮೇಶಪ್ಪನ ಹೋರಿ ಕೊರಳ ತುಂಬ ಒಣಕೊಬ್ಬರಿ ಸರ ಕಟ್ಟಿಕೊಂಡು ನುಗ್ಗಿತ್ತು. ಓಡುವ ಹೋರಿಯಿಂದ ಕೊಬ್ಬರಿ ಕಿತ್ತವನೇ ಅಲ್ಲಿ ಗಂಡು, ಕೊಬ್ಬರಿ ಬಿಡದ ಹೋರಿಯೇ ಗೆದ್ದ ಹೋರಿ. ಟೇಲರ್ ಜಹಾಂಗೀರ ಕೈ ಹಾಕಿದ್ದೇ ತಡ, ಹೋರಿಯ ಕೊರಳಲ್ಲಿ ರಕ್ತ. ಮಲ್ಲೇಶಪ್ಪನ ವಿಡಿಯೋದಲ್ಲಿ ಆ ಕೈಯ ಪಕ್ಕ ಗೇಣುದ್ದದ ಬಿಳಿ ಹೊಳಪು. "ಚಾಕು!" ಎಂದಿತು ಊರು. ಈಗ ಜಹಾಂಗೀರ ಪರಮೇಶಪ್ಪನ ಹೊಟ್ಟಿನ ಕೋಣೆಯಲ್ಲಿ ಬಂದಿ. ನಾಲ್ಕು ಗಂಟೆಗೆ ಪೊಲೀಸರು ಬರುವವರಿದ್ದರು.

ಇಬ್ಬರೂ ಕದರಮಂಡಲಗಿಗೆ ಹೋಗಿ ಇಳಿದಾಗ ಎರಡೂವರೆ. ಹೊಟ್ಟಿನ ಕೋಣೆಯ ಕೀಲಿ ಹಾಕಿದ ಬಾಗಿಲಿಗೆ ಅಂಗೈ ಒತ್ತಿ ಜಹಾಂಗೀರನ ತಾಯಿ ಅಮೀರಬಿ ಕುಳಿತಿದ್ದಳು. ಮಲ್ಲೇಶಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ. ನೀಲಗಂಗವ್ವ ನೇರ ಕೊಟ್ಟಿಗೆಗೆ ಹೋಗಿ ಹೋರಿಯ ಗಾಯ ನೋಡಿದರು. ಕೊರಳ ಸುತ್ತ ಸಣ್ಣ, ಒಂದೇ ಸಮದ ಗೆರೆ.

"ನಿಮ್ಮ ಬೆರಳಿಗೇನಾತ್ರಿ?" ಎಂದು ಪರಮೇಶಪ್ಪನ ಬೆರಳಿಗೆ ಸುತ್ತಿದ್ದ ಅರಿಶಿಣದ ಬಟ್ಟೆ ಕಂಡು ಕೇಳಿದರು.

"ಹೋರಿ ಹಗ್ಗ ಉಜ್ಜಿತ್ರಿ."

ಪಡಸಾಲೆಯಲ್ಲಿ ಹಿರಿಯರು ಸೇರಿದರು. ಮಲ್ಲೇಶಪ್ಪ ಟಿವಿಯಲ್ಲಿ ಕ್ಯಾಸೆಟ್ ಹಾಕಿ, ಹೊಳಪು ಕಂಡ ಚಿತ್ರದಲ್ಲಿ ನಿಲ್ಲಿಸಿದ.

"ಮಲ್ಲೇಶಪ್ಪ, ಶಟರ್ ಎಷ್ಟಕ್ಕ ಇಟ್ಟಿದ್ದಿ?" ಎಂದು ನೀಲಗಂಗವ್ವ ಕೇಳಿದರು.

"ಐವತ್ತಕ್ಕರಿ, ಅಂದ್ರ ಸೆಕೆಂಡಿನ ಐವತ್ತರಾಗ ಒಂದು ಪಾಲು ಹೊತ್ತು ಕ್ಯಾಮೆರಾದ ಕಣ್ಣು ತೆರದಿರತೈತ್ರಿ. ಲಗ್ನದಾಗ ಇಡೋದು ಅಷ್ಟೇರಿ. ಸಾವಿರಕ್ಕ ಇಟ್ರ ಓಡೋದು ಸ್ವಚ್ಛ ಬರತೈತಿ, ಆದ್ರ ಮುಖ ಕರ್ರಗ ಆಗತಾವು. ಜನ ಬೈತಾರ್ರಿ."

ಹೇಳುತ್ತಲೇ ಅವನಿಗೆ ತನ್ನ ಮೇಲೆ ಅಸಹ್ಯ ಬಂತು. ಮದುವೆ ಮನೆಯ ರೂಢಿಯನ್ನು ಹೋರಿಯ ಓಟಕ್ಕೂ ಹಚ್ಚಿ ಒಬ್ಬನ ಬದುಕು ಕೆಡಿಸಿದ್ದ.

"ಐವತ್ತಕ್ಕ ಇಟ್ರ ಒಂದೊಂದು ಚಿತ್ರಕ್ಕ ಹೊತ್ತು ಹಿಡಿತೈತಿ," ಎಂದರು ನೀಲಗಂಗವ್ವ. "ಅಷ್ಟರಾಗ ಓಡೋದು ಮುಂದ ಸರದು, ಎಳದಂಗ ಉದ್ದ ಕಾಣತೈತಿ. ಹಿಂದಿನ ಬೇವಿನ ಗಿಡ ನೋಡ್ರಿ, ಚೊಕ್ಕ ಐತಿ. ಅಂದ್ರ ಕ್ಯಾಮೆರಾ ಅಲುಗಾಡಿಲ್ಲ. ಜಹಾಂಗೀರನ ಕೈ ಮ್ಯಾಲಿಂದ ಕೆಳಗ ಎಳದಂಗ ಬಂದೈತಿ. ಹೊಳಪು ಮಾತ್ರ ಅಡ್ಡ ಐತಿ, ಹೋರಿ ಓಡಿದ ದಿಕ್ಕಿಗೆ. ಅದು ಅವನ ಕೈಯಾಗ ಇದ್ದಿದ್ರ ಕೈ ಜೋಡಿ ಅದೂ ಕೆಳಗ ಎಳದಂಗ ಕಾಣಬೇಕಿತ್ತು. ಅದು ಇದ್ದದ್ದು ಹೋರಿ ಕೊಳ್ಳಾಗ."

"ಕೊಳ್ಳಾಗ ಹೊಳಿಯೋದು ಏನಿರತೈತ್ರಿ?" ಎಂದ ಪರಮೇಶಪ್ಪ.

"ಕೊಬ್ಬರಿ ಸರಾ ತರ್ರಿ, ನೋಡೋಣು."

"ಅದು... ಸುಟ್ಟೇನ್ರಿ."

"ಯಾಕ ಸುಟ್ರಿ? ಉಳದ ಕೊಬ್ಬರಿ ಮನಿಮನಿಗೆ ಹಂಚ್ತಾರ. ಚಾಕುವಿನ ಗಾಯ ಒಂದು ಕಡೆ ಆಳ ಇರತೈತಿ. ಇದು ಕೊಳ್ಳ ಸುತ್ತ ಕೊರದೈತಿ. ಬೆರಳಿನ ಬಟ್ಟಿ ಬಿಚ್ಚರಿ, ಅಲ್ಲೂ ಇಂಥಾದ್ದೇ ಗೆರಿ ಇರತೈತಿ. ಹಗ್ಗ ಉಜ್ಜಿದ್ರ ತೊಗಲು ಸುಲೀತೈತಿ, ಹಿಂಗ ಕೊಯ್ಯೂದಿಲ್ಲ. ಯಾರಿಗೂ ಕೊಬ್ಬರಿ ಸಿಗಬಾರದು ಅಂತ ಸರದಾಗ ತಂತಿ ಹೊಸೆದು ಬಿಗದೀರಿ, ಬಿಗಿಯೂವಾಗ ಬೆರಳೂ ಕೊಯ್ಕೊಂಡೀರಿ. ಬಿಸಿಲಿಗೆ ಹೊಳದದ್ದು ಆ ತಂತಿ. ಜಹಾಂಗೀರ ಎಳದ. ತಂತಿ ಹರೀಲಿಲ್ಲ, ಹೋರಿ ತೊಗಲು ಹರೀತು."

ಪರಮೇಶಪ್ಪ ಬಟ್ಟೆ ಬಿಚ್ಚಲಿಲ್ಲ. ಆ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಹೇಳಿದ.

"ಮೂರು ವರ್ಷ ಆತ್ರಿ, ಓಟದಾಗ ಒಂದೂ ಕೊಬ್ಬರಿ ಉಳಿಸಿಕೊಂಡು ಬಂದಿದ್ದಿಲ್ಲ. ಮಗನಂಗ ಸಾಕಿದ ಹೋರಿರಿ. ನಾನೇ ಕೊಯ್ದೇನಿ ಅಂತ ಊರಿಗೆ ಹೆಂಗ ಹೇಳ್ಲಿ?"

"ಅದಕ್ಕ ಇನ್ನೊಬ್ಬರ ಮಗನ್ನ ಕೂಡಿ ಹಾಕಿದ್ರೇನ್ರಿ?" ಎಂದ ಮಲ್ಲೇಶಪ್ಪ. ಇಷ್ಟು ಜೋರಾಗಿ ಅವನು ಯಾರೊಂದಿಗೂ ಮಾತಾಡಿದವನಲ್ಲ.

ಪರಮೇಶಪ್ಪನೇ ಹೋಗಿ ಕೀಲಿ ತೆಗೆದ. ಜಹಾಂಗೀರ ತಲೆತುಂಬ ಹೊಟ್ಟು ಮೆತ್ತಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ ಹೊರಬಂದ. ಅಮೀರಬಿ ಅವನ ತೋಳು ಹಿಡಿದಳು. ಅವನು ಯಾರನ್ನೂ ಬೈಯಲಿಲ್ಲ. ಪರಮೇಶಪ್ಪನನ್ನು ನೋಡಿ ಮೆಲ್ಲಗೆ ಕೇಳಿದ:

"ಕಾಕಾ, ಹೋರಿ ನೀರು ಕುಡೀತೇನ್ರಿ?"

ಪರಮೇಶಪ್ಪ ಅಲ್ಲೇ ಅಂಗಳದಲ್ಲಿ ಕುಳಿತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.